ನೆಲಕ್ಕೆ ನಾಲ್ಕು ಬೆರಳು

ನನ್ನ ಕಾಲ್ಬೆರಳುಗಳನ್ನು ನಾನೇ ಹತ್ತಿರದಿಂದ ನೋಡಿ ಎಷ್ಟೋ ವರ್ಷಗಳಾಗಿದ್ದವು ಎಂದರೆ ನೀವು ನಗುತ್ತೀರಿ. ನಗಿರಿ. ಮೂವತ್ತೆಂಟರ ವಯಸ್ಸಿಗೇ ನನ್ನ ಸೊಂಟ ಕೊಪ್ಪಳದ ಕೋಟೆಗುಡ್ಡದ ಬಂಡೆಯಂತೆ ಅಲುಗದೆ ಕೂತಿತ್ತು. ಸೀಮೆಸುಣ್ಣ ಕೈಜಾರಿ ಬಿದ್ದರೆ, ಯಾರು ಮೊದಲು ಎತ್ತಿಕೊಡುತ್ತೀರಿ ನೋಡೋಣ ಎಂದು ಹುಡುಗಿಯರಿಗೆ ಪಂದ್ಯ ಕಟ್ಟುತ್ತಿದ್ದೆ. ಪಾಪ, ಅವರು ಅದನ್ನೂ ಪಾಠವೆಂದೇ ತಿಳಿದಿದ್ದರು.

ನಲವತ್ತರ ದಶಕದ ಮೊದಲ ವರ್ಷಗಳು, ನಿಜಾಮರ ರಾಜ್ಯ. ಕೊಪ್ಪಳದ ಒಂದು ಹಳೆಯ ವಾಡೆಯಲ್ಲಿ ಮೂವತ್ತು ಹೆಣ್ಣುಮಕ್ಕಳ ಸಾಲೆ. ಅದಕ್ಕೆ ಪಾಠ ಹೇಳುವ ಅಕ್ಕೋರು ನಾನೊಬ್ಬಳೇ. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ಯಲಬುರ್ಗಿಯಲ್ಲಿದ್ದ ಅಣ್ಣನ ಮನೆಯ ಅಡುಗೆಮನೆಯಿಂದ ನನ್ನನ್ನು ಹೊರಗೆ ತಂದದ್ದು ಈ ಸಾಲೆ.

ಒಂದು ದಿನ ತಪಾಸಣೆಗೆ ಬಂದ ಸಾಹೇಬರು, ಇನ್ನು ಮೇಲೆ ಹುಡುಗಿಯರಿಗೂ ಕಸರತ್ತು ಬೇಕು, ಸುಲಭದ ಆಸನಗಳನ್ನಾದರೂ ಕಲಿಸಿರಿ ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನಿಮ್ಮಿಂದಾಗದಿದ್ದರೆ ಇವರನ್ನು ಹುಡುಗರ ಸಾಲೆಗೆ ಕೂಡಿಸೋಣ, ಅಲ್ಲಿ ಮಾಸ್ತರರಿದ್ದಾರೆ ಎಂದರು. ಮೂರು ತಿಂಗಳ ಗಡುವು. ಹೋಗುವಾಗ ಆಸನಗಳ ಒಂದು ಚಿತ್ರಪಟ ಕೊಟ್ಟುಹೋದರು.

ಗಂಡಸು ಮಾಸ್ತರನ ಮುಂದೆ ಕಸರತ್ತು ಮಾಡಲು ನಮ್ಮೂರಿನ ಯಾವ ತಾಯಿಯೂ ಮಗಳನ್ನು ಕಳಿಸುತ್ತಿರಲಿಲ್ಲ. ಸಾಲೆ ಕೂಡಿಸುವುದೆಂದರೆ ಮೂವತ್ತು ಹುಡುಗಿಯರು ಪಾಟಿ-ಬಳಪ ಕೆಳಗಿಟ್ಟು ಮನೆ ಸೇರುವುದು. ಅವರ ಹಿಂದೆ ನಾನೂ. ಹಾಗಾಗಲು ಬಿಡಬಾರದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ಅಗಳಿ ಹಾಕಿ, ಕಚ್ಚೆ ಬಿಗಿದು ಪಟದ ಮುಂದೆ ಕೂತೆ. ಪಟದ ಮನುಷ್ಯ ಕಾಲು ಚಾಚಿ, ಮೊಣಕಾಲಿಗೆ ಹಣೆ ಹಚ್ಚಿ ನಿದ್ದೆ ಹೋದವನಂತಿದ್ದ. ನನ್ನ ಕೈ ಮೊಣಕಾಲನ್ನೂ ದಾಟಲಿಲ್ಲ. ಹಟದಿಂದ ಎಳೆದೆ. ತೊಡೆಯ ಹಿಂದೆ ನರ ಹಿಡಿದುಕೊಂಡು ಮೂರು ದಿನ ಕುಂಟಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಹುಡುಗಿಯರಿಂದ ಅದೆಷ್ಟು ಸಲ ಬರೆಸಿದ್ದೆನೋ! ಆ ಗಾದೆ ಕಟ್ಟಿದವನಿಗೆ ಹುಣಸೆಮರವೊಂದೇ ಗೊತ್ತಿತ್ತು, ಹಳೆಯ ಮಲ್ಲಿಗೆ ಬಳ್ಳಿಯನ್ನು ಅವನು ನೋಡಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಾಲೆಯ ಕಸ ಹೊಡೆಯುತ್ತಿದ್ದ ಎಲ್ಲವ್ವ ನನಗಿಂತ ಹತ್ತು ವರ್ಷ ಹಿರಿಯಳು. ಗಂಗಾವತಿಯ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುತ್ತ ಬೆಳೆದವಳು. ಯಾಕೆ ಕುಂಟುತ್ತೀರಿ ಎಂದು ಕೇಳಿದಳು. ನಾಚಿಕೆ ಬಿಟ್ಟು ಹೇಳಿದೆ. ಅವಳು ನಗಲಿಲ್ಲ. ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು, ಮಾಡಿ ತೋರಿಸಲು ಹೇಳಿದಳು.

“ಅಕ್ಕೋರ, ನೀವು ಕುತ್ತಿಗಿ ಬಗ್ಗಸಾಕ ಹತ್ತೀರಿ, ಸೊಂಟ ಅಲ್ಲ,” ಎಂದಳು. “ಮ್ಯಾಲ ಉಸರ ಬ್ಯಾರೆ ಹಿಡಕೊಂಡೀರಿ. ಉಸರ ಬಿಡ್ರಿ, ಮೈ ತಾನ ಸಡಲ ಆಕೈತಿ.”

ತಾನೂ ನಿಂತಳು. ಮೊಣಕಾಲನ್ನು ತುಸು ಸಡಿಲಿಸಿ, ಟೊಂಕದಲ್ಲಿ ಮಡಚಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಿದಳು. ಆಸನ ಎಂಬ ಶಬ್ದವನ್ನೇ ಅವಳು ಕೇಳಿರಲಿಲ್ಲ.

ಅಂದಿನಿಂದ ಪಟ ನನ್ನ ಪುಸ್ತಕ, ಎಲ್ಲವ್ವ ನನ್ನ ಗುರು. ಮೊದಲು ಬೆಕ್ಕಿನ ಹಾಗೆ ಮಂಡಿ, ಕೈ ಊರಿ ಬೆನ್ನನ್ನು ಎತ್ತಿ ಇಳಿಸುವುದು. ಆಮೇಲೆ ಅಂಗಾಲು ಜೋಡಿಸಿ ಕೂಡುವುದು, ಬೋರಲು ಮಲಗಿ ಹಾವಿನಂತೆ ಎದೆ ಎತ್ತುವುದು, ಕೊನೆಗೆ ನಿಂತು ಬಗ್ಗುವುದು. ಒಂದೊಂದರಲ್ಲೂ ಐದು ಉಸಿರು. ನೋವಾದರೆ ಸ್ವಲ್ಪ ಹಿಂದೆ ಸರಿಯಬಹುದು, ಒಂದು ದಿನವೂ ತಪ್ಪಿಸುವಂತಿಲ್ಲ. ಇದು ಅವಳ ಕಾನೂನು. ತಿಂಗಳಿಗೆ ಕೈ ಮೊಣಕಾಲು ದಾಟಿತು. ಎರಡನೆಯ ತಿಂಗಳು ಹುಡುಗಿಯರನ್ನೂ ಸೇರಿಸಿಕೊಂಡೆ. ನಾನು ಬಗ್ಗಲು ಹೊರಟಾಗ ಅವರು ಕಿಸಿಕಿಸಿ ನಕ್ಕರು. ಈ ಪಾಠದಲ್ಲಿ ನಾನೂ ನಿಮ್ಮ ಜೊತೆಯವಳೇ ಎಂದೆ. ನಗು ನಿಂತಿತು. ಒಬ್ಬಳು ನನ್ನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು ಉಸಿರು ಎಣಿಸತೊಡಗಿದಳು.

ಗಡುವು ಮುಗಿಯಿತು. ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಹುಡುಗಿಯರ ಮುಂದೆ ನಿಂತು ನಾನೂ ಬಗ್ಗಿದೆ. ಅವರ ಅಂಗೈಗಳೆಲ್ಲ ನೆಲದ ಮೇಲೆ. ನನ್ನ ಬೆರಳ ತುದಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಅಂತರ. ಸಾಹೇಬರು ಅದನ್ನೇ ನೋಡಿದರು. ನಿಮಗಿನ್ನೂ ಪೂರ್ತಿ ಬಂದಿಲ್ಲವಲ್ಲ ಎಂದರು.

ನಾನು ಬಗ್ಗಿಕೊಂಡೇ ಹೇಳಿದೆ: “ಮೂರು ತಿಂಗಳ ಹಿಂದ ಕೈ ಮೊಣಕಾಲ ಸೈತ ದಾಟ್ತಿದ್ದಿಲ್ರಿ. ಕಲಿಯಾಕ ಹತ್ತೀನಿ. ಮುಂದಿನ ಸಲ ಬಂದು ನೋಡ್ರಿ.”

ಅವರು ತಪಾಸಣೆಯ ವಹಿ ತೆರೆದರು. ಕಲಿಸಿದವರಾರು ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಎಲ್ಲವ್ವನ ಕಡೆ ಕೈ ಮಾಡಿದೆ. ಅವಳು ಸೆರಗು ಮುಂದೆಳೆದುಕೊಂಡಳು. ಸಾಹೇಬರು ವಹಿಯಲ್ಲಿ ಏನೋ ಬರೆದು, ಸಾಲೆ ಇದ್ದಲ್ಲೇ ಇರಲಿ ಎಂದು ಎದ್ದರು. ಅಂದು ಹುಡುಗಿಯರನ್ನು ಬೇಗ ಮನೆಗೆ ಬಿಟ್ಟು, ಒಬ್ಬಳೇ ಕೂತು ಅತ್ತೆ.

ಗಡುವು ಹೋದರೂ ನಾನು ಬಿಡಲಿಲ್ಲ. ಆ ಹೊತ್ತಿಗೆ ಅದು ಸಾಹೇಬರಿಗಾಗಿ ಮಾಡುವ ಕೆಲಸವಾಗಿ ಉಳಿದಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೆರಳ ತುದಿಗೆ ತಣ್ಣಗೆ ಏನೋ ತಗುಲಿತು. ನೆಲ! ಅಂಗಳದಲ್ಲಿ ಕಸ ಹೊಡೆಯುತ್ತಿದ್ದ ಎಲ್ಲವ್ವನನ್ನು ಕೂಗಿ ಕರೆದೆ. ಅವಳು ಬಂದು, ಬಗ್ಗಿ, ಭತ್ತದ ಸಸಿ ನೋಡುವಂತೆ ನನ್ನ ಕೈ ನೋಡಿದಳು.

“ಬೆರಳ ಮುಟ್ಯಾವ್ರಿ, ಅಕ್ಕೋರ,” ಎಂದಳು. “ಇನ್ನ ಅಂಗೈ.”

ನಾನು ಉಸಿರು ಬಿಟ್ಟೆ.