ಮನೆಯಲ್ಲೇ ಇರುವವಳು

ರಕ್ತ ಪರೀಕ್ಷೆಯ ಲ್ಯಾಬು ಮುಚ್ಚಿ ಕೆಲಸ ಹೋದ ಮೇಲೆ ಕಟ್ಟಡದವರೆಲ್ಲ ಸೇರಿ ಅವಳಿಗೊಂದು ಉದ್ಯೋಗ ಅಂಟಿಸಿದ್ದರು: ಕೀಲಿಕೈ ಕಾಯುವುದು. ಗ್ಯಾಸಿನವನು ಬರಲಿ, ನಲ್ಲಿ ರಿಪೇರಿಯವನು ಬರಲಿ, ಅವಳೇ ಹೋಗಿ ಅವರವರ ಮನೆಯ ಬಾಗಿಲು ತೆಗೆಯಬೇಕು. ‘ನೀನು ಹೇಗೂ ಮನೇಲೇ ಇರ್ತೀಯಲ್ಲ’ ಎಂದು ಎಲ್ಲರೂ ಕೀ ಕೊಟ್ಟು ಹೋಗುತ್ತಿದ್ದರು. ಮೂವತ್ತೊಂದಾಗಿತ್ತು, ತಮ್ಮನ ಮದುವೆಯೂ ಆಗಿಹೋಗಿತ್ತು. ಮಕ್ಕಳ ಬಾಯಲ್ಲಿ ಅವಳು ‘ಕೀ ಅಕ್ಕ’. ದಿನವೆಲ್ಲ ಬಾಗಿಲು ಬಡಿಯುವವರೇ. ಹೊಸ್ತಿಲು ದಾಟಿ ಬಂದು ಕೂತವರು ಮಾತ್ರ ಇಲ್ಲ. ಓರಗೆಯ ಗೆಳತಿಯರು ತಂತಮ್ಮ ಸಂಸಾರದಲ್ಲಿ ಮುಳುಗಿ ಫೋನು ಮಾಡುವುದನ್ನೂ ಬಿಟ್ಟಿದ್ದರು.

ಅಂತೂ ಒಂದು ಆಸ್ಪತ್ರೆಯ ಲ್ಯಾಬಿನಿಂದ ಕರೆ ಬಂತು. ಒಂದು ವಾರ ಕೆಲಸ ನೋಡಿ ಆಮೇಲೆ ತೀರ್ಮಾನವಂತೆ. ಕೀಲಿಕೈಗಳನ್ನು ಹಿಂದಿರುಗಿಸಲು ಹೊರಟವಳನ್ನು ಅಮ್ಮ ತಡೆದರು.

“ಸ್ವಲ್ಪ ತಾಳೇ. ಕೆಲಸ ಸಿಗದೆ ಹೋದ್ರೆ? ಆಮೇಲೆ ಇವರೂ ನಿನ್ನ ಮಾತಾಡ್ಸೋದು ಬಿಡ್ತಾರೆ.”

ಮಾತು ನಾಟಿತು. ಆದರೂ ಮೆಟ್ಟಿಲಿಳಿದಳು.

ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಕೆಳಮನೆಯ ಟೈಲರಮ್ಮನ ಮುಖ, ಅವಳು ಕೀ ವಾಪಸ್ ಚಾಚಿದ್ದೇ ತಡ, ವಿಷಯ ಕೇಳುವ ಮುಂಚೆಯೇ ಅರಳಿತು. “ಗಂಡು ಗೊತ್ತಾಯ್ತಾ? ಬಾಯೇ ಬಿಡ್ಲಿಲ್ವಲ್ಲೇ, ಕಳ್ಳಿ.”

“ಗಂಡಲ್ಲ ಆಂಟಿ, ಕೆಲಸ. ಒಂದು ವಾರ ನೋಡ್ತಾರಂತೆ.”

“ಓ, ಕೆಲಸಾನಾ.” ಅರಳಿದ ಮುಖ ಅಷ್ಟೇ ಬೇಗ ಮುದುಡಿತು. “ಒಂದು ವಾರಕ್ಕೆ ಯಾಕೆ ವಾಪಸ್ ಕೊಡ್ತೀಯ, ಇಟ್ಕೋ.”

“ಬೇಡಿ. ಹಗಲು ನಾನಿರೋದಿಲ್ಲ.”

ಹಳೆಯ ಕೆಲಸ ಹೋದ ಎರಡು ವರ್ಷದೊಳಗೆ ಲ್ಯಾಬಿನ ಯಂತ್ರಗಳೆಲ್ಲ ಬದಲಾಗಿದ್ದವು. ಅವು ಕೈಗೆ ಹತ್ತುವಷ್ಟರಲ್ಲಿ ವಾರ ಮುಗಿದಿತ್ತು. ‘ಬೇಕಾದರೆ ಹೇಳಿ ಕಳಿಸುತ್ತೇವೆ’ ಎಂದರು. ಹಾಗೆಂದರೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸುದ್ದಿಗೆ ಕಾಲು ಬೇಕೆ? ಮರುದಿನ ಬೆಳಿಗ್ಗೆಯೇ ಟೈಲರಮ್ಮ ಹೊಸ್ತಿಲಲ್ಲಿ ನಿಂತಿದ್ದರು. “ಆಗ್ಲಿಲ್ವಂತೆ, ಪಾಪ. ತಗೋ ಕೀ, ಫ್ರಿಜ್ ರಿಪೇರಿಯವನು ಬರ್ತಾನೆ.”

ಅಭ್ಯಾಸಬಲದಿಂದ ಮುಂದೆ ಹೋದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. “ಇವತ್ತು ಇನ್ನೆರಡು ಲ್ಯಾಬಿಗೆ ಹೋಗಿ ಕೇಳ್ಬೇಕು ಆಂಟಿ. ಕೀ ಬೇಡ. ಕಾಫಿ ಕುಡಿಯೋದಾದ್ರೆ ಒಳಗೆ ಬನ್ನಿ.”

ಟೈಲರಮ್ಮ ಗಡಿಯಾರ ನೋಡಿದರು. ಅಂಗಡಿ ತೆಗೆಯುವ ಹೊತ್ತಾಗಿತ್ತು. ಏನು ತೋಚಿತೋ, ಚಪ್ಪಲಿ ಬಿಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತರು. “ಅಲ್ವೇ, ಅಲ್ಲಿ ನಿಂಗೆ ಏನು ಕೆಲಸ ಕೊಟ್ಟಿದ್ರು?”

ಇದನ್ನು ಮನೆಯವರೂ ಕೇಳಿರಲಿಲ್ಲ. ಅವಳು ಹಾಲನ್ನು ಒಲೆಯ ಮೇಲಿಟ್ಟು, ಮೊದಲ ದಿನದಿಂದ ಹೇಳತೊಡಗಿದಳು.