ವ್ಯಾನ್ ಓಡಿಸಿದ್ದು ನಾನು

‘ಆ ರೋಡಲ್ಲಿ ವ್ಯಾನ್ ಓಡ್ಸೋದು ಅಂದ್ರೆ ಸುಮ್ನೇನಾ? ಗ್ರೇಟ್ ಬಿಡಿ ನೀವು!’ ಕೆನಡಾದ ಮಿಸಿಸಾಗದ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು, ನಮ್ಮಿಬ್ಬರ ನಾರ್ವೆ ಕ್ಯಾಂಪಿಂಗ್ ಪ್ರವಾಸದ ಫೋಟೊ ನೋಡುತ್ತ ನನ್ನ ಗಂಡನ ಬೆನ್ನು ತಟ್ಟಿದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ, ಫಿಯೋರ್ಡಿನ ಆಳ ನೀರು. ಎದುರಿಗೆ ಬಸ್ಸು ಬಂದರೆ ನಾವೇ ಹಿಂದೆ ಸರಿಯಬೇಕಾದಷ್ಟು ಕಿರಿದಾದ ದಾರಿ. ಅಲ್ಲಿ ಉದ್ದಕ್ಕೂ ವ್ಯಾನ್ ಓಡಿಸಿದವಳು ನಾನು. ಇವರು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಈಗ ಹೊಗಳಿಕೆಗೆ ಸುಮ್ಮನೆ ಮುಗುಳ್ನಕ್ಕರು.

‘ಡ್ರೈವ್ ಮಾಡಿದ್ದು ನಾನು’ ಎಂದೆ.

‘ಒಳ್ಳೇ ಜೋಕ್, ಅತ್ತಿಗೆ!’ ಎಂದು ಗೆಳೆಯರು ಜೋರಾಗಿ ನಕ್ಕರು. ಇವರೂ ಜೊತೆಗೂಡಿ ನಕ್ಕುಬಿಟ್ಟರು. ಬಡಿಸುತ್ತಿದ್ದ ಸೌಟನ್ನು ಅಲ್ಲೇ ಇಟ್ಟು ಒಳಗೆ ಹೋದೆ.

ಬಂದವರು ನಂಬದಿದ್ದರೆ ಹಾಳಾಗಲಿ. ಜೀವ ಬಿಗಿಹಿಡಿದು ಪಕ್ಕದಲ್ಲೇ ಕೂತಿದ್ದವರು ‘ಹೌದು, ಅವಳೇ’ ಎನ್ನಲಿಲ್ಲವಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.