ಗರಗಸದ ಸದ್ದಿಗೆ ಓಡಿ ಬಂದ ಆಡುಗಳು

ಕಳೆದ ವರ್ಷ ಯುಗಾದಿ ಮುಗಿದ ಮೇಲಿನ ಮಾತು. ವಿಜಯಪುರದ ಜಲನಗರದಲ್ಲಿ ನಮ್ಮ ಮನೆ. ನಾನು ಹೈಸ್ಕೂಲ್ ಮಾಸ್ತರ. ಇಟ್ಟಂಗಿಹಾಳದಲ್ಲಿ ಎರಡು ಎಕರೆ ನಿಂಬೆ ತೋಟವಿದೆ. ಬದುವಿನ ಬೇವಿನ ಮರಗಳ ನೆರಳು ನಿಂಬೆ ಗಿಡಗಳ ಮೇಲೆ ಬೀಳುತ್ತಿತ್ತು. ಕೊಡಲಿ ಎತ್ತುವ ರಟ್ಟೆ ನನ್ನದಲ್ಲ. ಅದಕ್ಕೇ ಅಥಣಿ ರಸ್ತೆಯ ಅಂಗಡಿಯೊಂದರಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಗರಗಸ ಕೊಂಡೆ. ಗುಂಡಿ ಒತ್ತಿದರೆ ಹಲ್ಲಿನ ಸರಪಳಿ ಗರ್ರನೆ ತಿರುಗುತ್ತದೆ. ಟೊಂಗೆ ಕೊಯ್ಯುವುದು ಸೌತೆಕಾಯಿ ಹೆಚ್ಚಿದಷ್ಟು ಸಲೀಸು. "ಎರಡೂ ಕೈಲೆ ಹಿಡೀರಿ, ನಿಚ್ಚಣಿಕಿ ಏರಬ್ಯಾಡ್ರಿ, ಕೆಳಗ ಯಾರದಾರ ನೋಡ್ರಿ" ಎಂದು ಅಂಗಡಿಯವನು ಹೇಳಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನವಿಡೀ ಮಕ್ಕಳಿಗೆ ಬುದ್ಧಿ ಹೇಳುವವರಿಗೆ ಇನ್ನೊಬ್ಬರ ಬುದ್ಧಿಮಾತು ಸೇರುವುದಿಲ್ಲ.

ಮೊದಲ ಭಾನುವಾರವೇ ಆಡು ಕಾಯುವ ಮಾಯವ್ವ ಬಂದಳು. ಅರವತ್ತು ದಾಟಿದ ಜೀವ. ಕೊಯ್ದು ಬಿದ್ದ ಸೊಪ್ಪು ತೋರಿಸಿ, "ಸರ, ಈ ತಪ್ಪಲಾ ನನ್ನ ಆಡಿಗೆ ಹಾಕ್ಲೇನ್ರಿ?" ಎಂದು ಕೇಳಿದಳು. "ಹಾಕ ಬೇ ಯವ್ವಾ, ನಮ್ಮ ಹೊಲಾನೂ ಸ್ವಚ್ಛ ಆಕ್ಕೈತಿ" ಎಂದೆ.

ಮೂರು ವಾರದಲ್ಲಿ ಆಡುಗಳಿಗೆ ರೂಢಿಯಾಯಿತು. ಗರಗಸದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಮರದ ಕೆಳಗೆ ನಿಲ್ಲುತ್ತಿದ್ದವು. ನನಗೆ ಅದೊಂದು ಮೋಜು. ಕೊಯ್ಯುವುದು ಏನೂ ಇಲ್ಲದಿದ್ದರೂ ಸುಮ್ಮನೆ ಗುಂಡಿ ಒತ್ತಿ, ಅವು ಓಡಿ ಬರುವುದನ್ನು ಹೆಂಡತಿಗೆ ತೋರಿಸಿ ನಗುತ್ತಿದ್ದೆ. "ಮೂಕ ಪ್ರಾಣಿ ಕೂಡ ಈ ಆಟ ಬ್ಯಾಡ್ರಿ ಸರ, ಅವಕ್ಕೇನ ತಿಳೀತೈತಿ?" ಎಂದಳು ಮಾಯವ್ವ. ಅದನ್ನೂ ನಗೆಯಲ್ಲಿ ತೇಲಿಸಿಬಿಟ್ಟೆ.

ಮುಂದಿನ ಭಾನುವಾರ ನಿಚ್ಚಣಿಕೆ ಏರಿ, ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಗರಗಸ ಹಿಡಿದು, ತೋಳು ಗಾತ್ರದ ಟೊಂಗೆಯನ್ನು ಮೇಲಿನಿಂದ ಕೊಯ್ಯತೊಡಗಿದೆ. ಅರ್ಧ ಕೊಯ್ಯುವಷ್ಟರಲ್ಲಿ ಟೊಂಗೆ ಚಟಾರನೆ ಸೀಳಿತು. ಕೆಳಗೆ ನೋಡಿದರೆ ಆಡುಗಳೆಲ್ಲ ಮುಖ ಮೇಲೆತ್ತಿ ನಿಂತಿವೆ! ಮಾಯವ್ವ ಕೂಗುತ್ತ ನುಗ್ಗಿ ಬಂದು ಗಬ್ಬದ ಆಡೊಂದನ್ನು ಆಚೆ ತಳ್ಳಿದಳು. ಟೊಂಗೆ ಅವಳ ಮೇಲೆಯೇ ಬಿತ್ತು.

ಹೇಗೆ ಇಳಿದೆನೋ ಗೊತ್ತಿಲ್ಲ. ಅವಳ ಕಾಲು ಟೊಂಗೆಯಡಿ ಸಿಕ್ಕಿತ್ತು. ಬೇಗ ಬಿಡಿಸಬೇಕೆಂದು ಅದೇ ಗರಗಸ ಹಿಡಿದು ಅವಳ ಮೊಣಕಾಲ ಹತ್ತಿರವೇ ಕೊಯ್ಯಲು ಬಗ್ಗಿದೆ.

"ಸರ! ನಿಮ್ಮ ಕೈ ನಡಗಾಕತ್ತಾವ. ಮೊದ್ಲ ಅದನ್ನ ದೂರ ಇಡ್ರಿ. ಕೈಲೆ ಎತ್ತ್ರಿ" ಎಂದಳು.

ನೋಡಿಕೊಂಡೆ. ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಅವಳು ಹೇಳದಿದ್ದರೆ ಏನಾಗುತ್ತಿತ್ತೋ. ಗರಗಸ ದೂರ ಇಟ್ಟೆ. ಓಡಿ ಬಂದ ಹೆಂಡತಿ, ನಾನು ಸೇರಿ ಟೊಂಗೆ ಎತ್ತಿದೆವು. ಅಷ್ಟರಲ್ಲಿ ಆಡುಗಳು ಅವಳ ಮೈಮೇಲಿನ ಸೊಪ್ಪು ಮೇಯತೊಡಗಿದ್ದವು.

ಆಡು ಕಾಯಲು ಹೆಂಡತಿಯನ್ನು ಬಿಟ್ಟು, ಮಾಯವ್ವನನ್ನು ಆಟೋದಲ್ಲಿ ಜಲನಗರದ ದವಾಖಾನೆಗೆ ಕರೆತಂದೆ. ದಾರಿಯುದ್ದಕ್ಕೂ ನಾನು "ತಪ್ಪಾತ ಬೇ" ಎಂದರೆ ಅವಳದು ಒಂದೇ ಮಾತು: "ಆಡು ನಿಮ್ಮ ನಿಂಬಿ ಗಿಡಾ ತಿಂದಗಿಂದಾವು, ಬಾಯಾರಿಗೆ ಫೋನ್ ಹಚ್ಚಿ ಹೇಳ್ರಿ." ಬಾಯಾರು ಎಂದರೆ ನನ್ನ ಹೆಂಡತಿ. ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. ಪಾದ ಊದಿತ್ತು, ಹದಿನೈದು ದಿನ ನಡೆಯಬಾರದು ಎಂದರು ಡಾಕ್ಟರು.

ಮರುದಿನ ಸಂಜೆ ಹಣ್ಣು ಹಿಡಿದುಕೊಂಡು ಅವಳ ಮನೆಗೆ ಹೋದೆ. ಮಗ ಬೈದರೆ ಬೈಸಿಕೊಳ್ಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಗೌಂಡಿ ಕೆಲಸದ ಆ ಆಳು ನನ್ನ ಎರಡೂ ಕೈ ಹಿಡಿದು, "ನಮ್ಮವ್ವ ಕಾಲ ಜಾರಿ ಬಿದ್ದಿದ್ಳಂತ್ರಿ. ನೀವ ಇದ್ರಿ ಅಂತ ಉಳದ್ಳು ಸರ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಿಜ ಹೇಳಲು ಬಾಯಿ ತೆರೆದೆ. ಮಾಯವ್ವ ನನ್ನನ್ನೇ ನೋಡುತ್ತ, "ಚಾ ಆರಾಕತ್ತೈತಿ, ಕುಡೀರಿ ಸರ" ಎಂದಳು. ಕುಡಿದೆ.

ಈಗ ಆಡುಗಳನ್ನು ಆಚೆಯ ಬದುವಿಗೆ ಹೊಡೆದು ಕಟ್ಟಿದ ಮೇಲೆಯೇ ಗರಗಸಕ್ಕೆ ಬ್ಯಾಟರಿ ಹಾಕುತ್ತೇನೆ, ಕೆಳಗಿಡುವಾಗ ತೆಗೆಯುತ್ತೇನೆ. ನೆಲದ ಮೇಲೆ ನಿಂತು ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಎತ್ತರದ ಟೊಂಗೆಗಳ ತಂಟೆಗೆ ಹೋಗುವುದಿಲ್ಲ. ಕೆಳಭಾಗದಲ್ಲಿ ಮೊದಲು ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ಟೊಂಗೆ ಸೀಳುವುದಿಲ್ಲ ಎಂದು ಕಲಿಸಿದವಳೂ ಮಾಯವ್ವನೇ.

ಅವಳ ಮಗ ಮಾತ್ರ ಇಂದಿಗೂ ಎಲ್ಲಿ ಕಂಡರೂ ಗಾಡಿ ನಿಲ್ಲಿಸಿ ಕೈ ಮುಗಿಯುತ್ತಾನೆ. ಪ್ರತಿ ಸಲವೂ ನಾನು ಕುಗ್ಗಿ ಹೋಗುತ್ತೇನೆ. ಎದುರು ನಿಂತು ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ, ಅವನು ಓದಲಿ. ತಮ್ಮಾ, ನಿಮ್ಮವ್ವ ಕಾಲು ಜಾರಿ ಬೀಳಲಿಲ್ಲ. ಆ ಟೊಂಗೆ ಕೆಡವಿದವನು ನಾನು.